ತಾತನ ರೇಜರ್ರು ಮತ್ತು ಜಿಲೆಟ್ ಸಾಹೇಬರ ಕಥೆ

ತುಂಬಾ ದಿನ ಆಯ್ತು ಇಲ್ಲಿ ಏನಾದ್ರೂ ಬರೆದು. ಆಫೀಸಿನಲ್ಲಿ ರಿಲೀಸು, ಹೊರಗೆ ಹಿಮ, ಒಳಗೆ ಸೋಮಾರಿತನ... ಮೂರೂ ಸೇರಿದ್ರೆ ಬ್ಲಾಗು ಎಲ್ಲಿಂದ ಬೆಳೀಬೇಕು? ಈ ಸಲ ಬರೆಯೋಕೆ ಕಾರಣ ನನ್ನ ಗಡ್ಡ. ನಗಬೇಡಿ, ವಿಷಯ ಗಂಭೀರವಾದದ್ದೇ!

ಬಾಸ್ಟನ್ನಿಗೆ ಬಂದ ಮೊದಲ ಚಳಿಗಾಲದಿಂದಲೂ ನನಗೆ ಒಂದು ಕಾಟ. ಶೇವ್ ಮಾಡಿದ ಮಾರನೇ ದಿನ ಕತ್ತಿನ ತುಂಬಾ ಕೆಂಪು ಗುಳ್ಳೆ. ಕಾಲರ್ ತಾಗಿದರೆ ಉರಿ. ಐದು ಬ್ಲೇಡಿನ ರೇಜರ್ರು, ಡಬ್ಬಿಯಿಂದ ಬುಸ್ ಅಂತ ಬರೋ ನೊರೆ, ಮೇಲೆ ಹಚ್ಚೋಕೆ ಘಮಘಮ ನೀರು, ಎಲ್ಲಾ ಇತ್ತು. ಗುಳ್ಳೆ ಮಾತ್ರ ಹೋಗಲಿಲ್ಲ. ಕೊನೆಗೆ ಚರ್ಮದ ಡಾಕ್ಟರು ವಿವರಿಸಿದರು: ಹಲವು ಬ್ಲೇಡುಗಳ ರೇಜರಿನಲ್ಲಿ ಮುಂದಿನ ಬ್ಲೇಡು ಕೂದಲನ್ನು ಎಳೆಯುತ್ತೆ, ಅದು ವಾಪಸ್ ಒಳಗೆ ಹೋಗೋ ಮೊದಲೇ ಹಿಂದಿನ ಬ್ಲೇಡು ಕತ್ತರಿಸುತ್ತೆ. ಕೂದಲಿನ ತುದಿ ಚರ್ಮದ ಮಟ್ಟಕ್ಕಿಂತ ಕೆಳಗೆ ಉಳಿಯುತ್ತೆ. ನನ್ನಂಥ ಗುಂಗುರು ಗಡ್ಡದವರಿಗೆ ಅದು ಬೆಳೆಯುವಾಗ ಹೊರಗೆ ಬರೋ ಬದಲು ಒಳಗೇ ಚುಚ್ಚಿಕೊಳ್ಳುತ್ತೆ. ಅಂದ್ರೆ "ತುಂಬಾ ನುಣ್ಣಗೆ" ಅನ್ನೋದೇ ನನ್ನ ಸಮಸ್ಯೆ!

ಇದನ್ನ ಕಳೆದ ವರ್ಷ ತಿಪಟೂರಿಗೆ ಹೋದಾಗ ತಾತನ ಮುಂದೆ ಹೇಳಿಕೊಂಡೆ. ತಾತ ಎದ್ದು ಹೋಗಿ ಬೀರುವಿನಿಂದ ಒಂದು ಹಳೇ ತಗಡಿನ ಡಬ್ಬಿ ತಂದರು. ಒಳಗೆ ಅವರ ಸೇಫ್ಟಿ ರೇಜರ್ರು. ಮೇಷ್ಟ್ರ ಕೆಲಸ ಸಿಕ್ಕ ಹೊಸದರಲ್ಲಿ, 1965ರಲ್ಲಿ ಕೊಂಡದ್ದಂತೆ. ಮೇಲಿನ ಹೊಳಪು ಅಲ್ಲಲ್ಲಿ ಹೋಗಿ ಒಳಗಿನ ಹಿತ್ತಾಳೆ ಕಾಣ್ತಿತ್ತು.

"ತಗೊಂಡ್ ಹೋಗೋ ಮಗಾ. ನನ್ ಕೈ ನಡುಗುತ್ತೆ. ನಂಗಿನ್ನು ಇದು ಬೇಡ" ಅಂದ್ರು.

ಆಗಲೇ ನಾನು ಗಮನಿಸಿದ್ದು. ದಿನಾ ಬೆಳಿಗ್ಗೆ ಆರಕ್ಕೆ ನೀಟಾಗಿ ಶೇವ್ ಮಾಡಿ ಪೇಪರ್ ಹಿಡಿದು ಕೂರುತ್ತಿದ್ದ ತಾತನ ಮುಖದಲ್ಲಿ ವಾರದ ಬಿಳಿ ಗಡ್ಡ. ಅಪ್ಪ ಶೇವ್ ಮಾಡ್ತೀನಿ ಅಂದ್ರೆ ಬೇಡ ಅಂತಾರಂತೆ, ಸಲೂನಿಗೂ ಬರಲ್ಲ ಅಂತಾರಂತೆ. ನಾನೇನೂ ಮಾತಾಡದೆ ಡಬ್ಬಿ ಇಸ್ಕೊಂಡೆ.

ಇಲ್ಲಿ ಬಂದ ಮೇಲೆ ಇದರ ಇತಿಹಾಸ ಓದೋಕೆ ಶುರು ಮಾಡಿದೆ ನೋಡಿ, ತಮಾಷೆ ಅಂದ್ರೆ ನಾನು ಬಾಡಿಗೆಗೆ ಇರೋದು ಬಾಸ್ಟನ್ನಿಗೆ ಅಂಟಿಕೊಂಡಿರೋ ಬ್ರೂಕ್‌ಲೈನ್‌ನಲ್ಲಿ. ತಾತನ ರೇಜರಿನ ಮೂಲ ಯೋಚನೆ ಹುಟ್ಟಿದ್ದೂ ಇದೇ ಊರಲ್ಲಿ!

ಸೇಫ್ಟಿ ರೇಜರ್ ಅನ್ನೋ ಯೋಚನೆ ಇನ್ನೂ ಹಳೇದು. ಫ್ರಾನ್ಸಿನಲ್ಲಿ ಚಾಕು ಕತ್ತರಿ ಮಾಡುತ್ತಿದ್ದ ಜಾನ್ ಜಾಕ್ ಪೆರೆ ಅನ್ನೋರು 1769ರಲ್ಲಿ, ತನ್ನ ಕ್ಷೌರ ತಾನೇ ಮಾಡಿಕೊಳ್ಳೋದು ಹೇಗೆ ಅಂತ ಒಂದು ಪುಸ್ತಕವನ್ನೇ ಬರೆದರು. ಕ್ಷೌರದ ಕತ್ತಿಗೆ ಮರದ ಕವಚ ಹಾಕಿ, ಅಲಗು ಚೂರೇ ಚೂರು ಹೊರಗೆ ಕಾಣುವಂತೆ ಮಾಡಿದ್ದು ಅವರೇ. 1847ರಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ಸನ್ ಅಲಗನ್ನು ಹಿಡಿಗೆ ಅಡ್ಡವಾಗಿ ಕೂರಿಸಿದರು. ನಮ್ಮ ತೋಟದ ಗುದ್ದಲಿ ಹೇಗಿರುತ್ತೆ, ಹಾಗೆ. 1880ರಲ್ಲಿ ನ್ಯೂಯಾರ್ಕಿನ ಕ್ಯಾಂಪ್ಫೆ ಸಹೋದರರು ಪೇಟೆಂಟ್ ಪಡೆದು ಸೇಫ್ಟಿ ರೇಜರ್ ಮಾರಾಟ ಮಾಡಿದರು. ಆದರೆ ಎಲ್ಲದರಲ್ಲೂ ಒಂದು ಕೊರತೆ ಉಳಿದೇ ಇತ್ತು. ಅಲಗು ಮಾತ್ರ ಹಳೇ ಥರದ ದಪ್ಪ ಅಲಗೇ. ಅದನ್ನ ಚರ್ಮದ ಪಟ್ಟಿಗೆ ತಿಕ್ಕಬೇಕು, ಆಗಾಗ ಸಾಣೆಗೆ ಕೊಡಬೇಕು.

ಇಲ್ಲಿ ಬರ್ತಾರೆ ನಮ್ಮ ಕಥಾನಾಯಕರು, ಕಿಂಗ್ ಕ್ಯಾಂಪ್ ಜಿಲೆಟ್. 1855ರಲ್ಲಿ ಹುಟ್ಟಿದವರು. ಕಸುಬು ಊರೂರು ಸುತ್ತೋ ಸೇಲ್ಸ್‌ಮನ್. ಸೋಡಾ ಬಾಟಲಿಗೆ ಹಾಕೋ ತಗಡಿನ ಮುಚ್ಚಳ ಕಂಡುಹಿಡಿದ ವಿಲಿಯಂ ಪೇಂಟರ್ ಅವರ ಕಂಪನಿಯಲ್ಲಿ ಕೆಲಸ. ಪೇಂಟರ್ ಇವರಿಗೆ ಕೊಟ್ಟ ಸಲಹೆ ಪ್ರಸಿದ್ಧ: ಜನ ಒಮ್ಮೆ ಬಳಸಿ ಬಿಸಾಡೋ ವಸ್ತು ಏನಾದ್ರೂ ಹುಡುಕು, ಮತ್ತೆ ಮತ್ತೆ ನಿನ್ನ ಹತ್ತಿರವೇ ಬರ್ತಾರೆ ಅಂತ.

ವಿಚಿತ್ರ ಏನು ಗೊತ್ತಾ? 1894ರಲ್ಲಿ ಇದೇ ಜಿಲೆಟ್ 'ದಿ ಹ್ಯೂಮನ್ ಡ್ರಿಫ್ಟ್' ಅನ್ನೋ ಪುಸ್ತಕ ಬರೆದಿದ್ದರು. ವ್ಯಾಪಾರದ ಪೈಪೋಟಿಯೇ ಎಲ್ಲಾ ಕೆಡುಕಿಗೂ ಮೂಲ, ಅದು ತೊಲಗಬೇಕು ಅನ್ನೋದು ಅದರ ಸಾರ. ನಯಾಗರ ಜಲಪಾತದ ವಿದ್ಯುತ್ತಿನಿಂದ ನಡೆಯೋ ಒಂದೇ ಒಂದು ಮಹಾನಗರ, ಎಲ್ಲರೂ ಪಾಲುದಾರರಾದ ಒಂದೇ ಕಂಪನಿ... ಹೀಗೆ ಕನಸು. ಅದರ ಮುಂದಿನ ವರ್ಷ, 1895ರಲ್ಲಿ, ಬ್ರೂಕ್‌ಲೈನಿನ ಮನೆಯಲ್ಲಿ ಒಂದು ಬೆಳಿಗ್ಗೆ ಮೊಂಡಾದ ಕತ್ತಿ ಹಿಡಿದು ನಿಂತಾಗ ಇವರಿಗೆ ತೆಳ್ಳನೆ ಬ್ಲೇಡಿನ ಯೋಚನೆ ಹೊಳೆಯಿತು. ಪೈಪೋಟಿ ಬೇಡ ಅಂದ ಮನುಷ್ಯನೇ ಬಿಸಾಡೋ ವ್ಯಾಪಾರದ ಪಿತಾಮಹ ಆಗಿಬಿಟ್ಟರು!

ಯೋಚನೆ ಸುಲಭ, ಮಾಡೋದು ಕಷ್ಟ. ಅಷ್ಟು ತೆಳ್ಳನೆ ಉಕ್ಕಿನ ಹಾಳೆಗೆ ಹದ ಕೊಟ್ಟರೆ ಸೊಟ್ಟಗಾಗುತ್ತೆ, ಹರಿತ ನಿಲ್ಲಲ್ಲ ಅಂತ ತಿಳಿದವರೆಲ್ಲ ಕೈ ಆಡಿಸಿದರು. ಆರು ವರ್ಷ ಹೀಗೇ ಹೋಯ್ತು. 1901ರಲ್ಲಿ ಎಂಐಟಿಯಲ್ಲಿ ಓದಿದ್ದ ವಿಲಿಯಂ ನಿಕರ್ಸನ್ ಅನ್ನೋ ಇಂಜಿನಿಯರ್ ಸೇರಿಕೊಂಡರು. ಬ್ಲೇಡಿಗೆ ಹದ ಕೊಡೋ ವಿಧಾನ, ಹರಿತ ಮಾಡೋ ಯಂತ್ರ ಎರಡನ್ನೂ ರೂಪಿಸಿದ್ದು ಅವರು. (ಹೆಸರು ಸೇಲ್ಸ್‌ನವರಿಗೆ, ಕೆಲಸ ಇಂಜಿನಿಯರಿಗೆ. ನಮ್ಮ ಆಫೀಸಿನಲ್ಲೂ ಅಷ್ಟೇ ಬಿಡಿ!) ಬಾಸ್ಟನ್ನಿನಲ್ಲಿ ಒಂದು ಮೀನಂಗಡಿಯ ಮೇಲಿನ ಜಾಗದಲ್ಲಿ ಕಂಪನಿ ಶುರುವಾಯ್ತು. 1903ರಲ್ಲಿ ಮಾರಿದ್ದು ಬರೀ 51 ರೇಜರ್, 168 ಬ್ಲೇಡು. ಮಾರನೇ ವರ್ಷ 90 ಸಾವಿರಕ್ಕೂ ಹೆಚ್ಚು ರೇಜರ್! ಪೇಟೆಂಟ್ ಸಿಕ್ಕಿದ್ದು 1904ರ ನವೆಂಬರ್ 15ರಂದು.

ಆ ಪೇಟೆಂಟಿನ ತಿರುಳು ನನಗೆ ತುಂಬಾ ಇಷ್ಟ ಆಯ್ತು. ಬ್ಲೇಡಿಗೆ ತಾನಾಗಿ ಗಟ್ಟಿತನ ಇಲ್ಲ. ಹಿಡಿಯ ತಿರುಪು ಬಿಗಿ ಮಾಡಿದಾಗ ಮೇಲಿನ ಮುಚ್ಚಳ, ಕೆಳಗಿನ ತಟ್ಟೆ ಎರಡೂ ಸೇರಿ ಅದನ್ನ ಬಿಲ್ಲಿನ ಹಾಗೆ ಬಗ್ಗಿಸುತ್ತವೆ. ಬಗ್ಗಿದ ಬ್ಲೇಡು ಅಲ್ಲಾಡದೆ ಗಟ್ಟಿಯಾಗಿ ನಿಲ್ಲುತ್ತೆ. ಒಂದು ಪೋಸ್ಟ್‌ಕಾರ್ಡನ್ನ ಚೂರು ಬಗ್ಗಿಸಿ ಹಿಡಿದರೆ ನೆಟ್ಟಗೆ ನಿಲ್ಲುತ್ತಲ್ಲ, ಅದೇ ಲೆಕ್ಕ.

ಜಿಲೆಟ್ ರೇಜರನ್ನ ಪುಕ್ಕಟೆ ಕೊಟ್ಟು ಬ್ಲೇಡಿನಲ್ಲಿ ದುಡ್ಡು ಮಾಡಿದ ಅಂತ ಮ್ಯಾನೇಜ್‌ಮೆಂಟ್ ಪಾಠಗಳಲ್ಲಿ ಹೇಳ್ತಾರೆ. ನಿಜ ಹಾಗಿಲ್ಲ. ಪೇಟೆಂಟ್ ಇದ್ದಷ್ಟು ದಿನ ರೇಜರಿನ ಬೆಲೆ 5 ಡಾಲರ್, ಆ ಕಾಲಕ್ಕೆ ದೊಡ್ಡ ದುಡ್ಡು. 1921ರಲ್ಲಿ ಪೇಟೆಂಟ್ ಅವಧಿ ಮುಗಿದು ಬೇರೆಯವರು ನುಗ್ಗೋ ಹೊತ್ತಿಗೆ ಹಳೇ ಮಾದರಿಯನ್ನ 1 ಡಾಲರಿಗೆ ಇಳಿಸಿದರು. ಅಷ್ಟರಲ್ಲಿ ಯುದ್ಧವೂ ಕೈ ಹಿಡಿದಿತ್ತು. 1918ರಲ್ಲಿ ಅಮೆರಿಕ ಸರ್ಕಾರ ತನ್ನ ಸೈನಿಕರಿಗೆ ಅಂತ 35 ಲಕ್ಷ ರೇಜರ್, ಮೂರು ಕೋಟಿಗೂ ಹೆಚ್ಚು ಬ್ಲೇಡು ಕೊಂಡಿತು. ವಾಪಸ್ ಬಂದ ಹುಡುಗರಿಗೆ ತಾವೇ ಶೇವ್ ಮಾಡಿಕೊಳ್ಳೋದು ಅಭ್ಯಾಸ ಆಗಿಹೋಗಿತ್ತು. ಜಿಲೆಟ್ ಸಾಹೇಬರು ಮಾತ್ರ 1929ರ ಷೇರುಪೇಟೆ ಕುಸಿತದಲ್ಲಿ ಆಸ್ತಿಯ ಬಹುಪಾಲು ಕಳೆದುಕೊಂಡು 1932ರಲ್ಲಿ ತೀರಿಕೊಂಡರು.

ಪೇಟೆಂಟ್ ಮುಗಿದದ್ದರ ಫಲ ನಾವು ಉಂಡಿದ್ದು. ಎರಡು ಅಂಚಿನ ಆ ಬ್ಲೇಡು, ಸುಮಾರು 43 ಮಿಲಿಮೀಟರ್ ಉದ್ದ, 22 ಮಿಲಿಮೀಟರ್ ಅಗಲ, 0.1 ಮಿಲಿಮೀಟರ್ ದಪ್ಪ, ಇಡೀ ಜಗತ್ತಿಗೆ ಒಂದೇ ಅಳತೆ ಆಯ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಓಪನ್ ಸ್ಟ್ಯಾಂಡರ್ಡ್. ಯಾರ ಹಿಡಿಗಾದರೂ ಯಾರ ಬ್ಲೇಡಾದರೂ ಕೂರುತ್ತೆ. ತಾತನ ರೇಜರಿಗೆ ಟೋಪಾಜ್, ಸೆವೆನ್ ಓ ಕ್ಲಾಕ್, ಅಂಗಡಿಯಲ್ಲಿ ಯಾವುದು ಸಿಕ್ಕರೆ ಅದು. ಬ್ಲೇಡು ಮೊಂಡಾದ ಮೇಲೂ ನಮ್ಮ ಮನೆಗಳಲ್ಲಿ ಬಿಸಾಡ್ತಿದ್ರಾ? ಪೆನ್ಸಿಲ್ ಹೆರೆಯೋಕೆ, ಉಗುರು ತೆಗೆಯೋಕೆ, ಅಜ್ಜಿ ರವಿಕೆ ಹೊಲಿಗೆ ಬಿಚ್ಚೋಕೆ! ಈಗಲೂ ಊರಿನ ಸಲೂನಿನಲ್ಲಿ ಇದೇ ಬ್ಲೇಡನ್ನ ಕಾಗದ ಸಮೇತ ಪಟ್ ಅಂತ ಎರಡು ತುಂಡು ಮಾಡಿ, ಅರ್ಧವನ್ನ ಕತ್ತಿಗೆ ಸಿಕ್ಕಿಸ್ತಾರೆ. 1971ರಲ್ಲಿ ಜೋಡಿ ಬ್ಲೇಡಿನ ಕಾರ್ಟ್ರಿಜ್ ಬಂದ ಮೇಲೆ ಕಥೆ ತಿರುಗಿತು. ಒಬ್ಬರ ಹಿಡಿಗೆ ಇನ್ನೊಬ್ಬರ ಬ್ಲೇಡು ಕೂರೋದು ನಿಂತಿತು.

ಸರಿ, ನನ್ನ ಕತ್ತಿನ ವಿಷಯಕ್ಕೆ ಬರೋಣ. ಮೊದಲ ದಿನ ಮೂರು ಕಡೆ ರಕ್ತ. ಕಾರಣ, ಕಾರ್ಟ್ರಿಜ್ ಅಭ್ಯಾಸದಲ್ಲಿ ಒತ್ತಿದ್ದು. ಇದಕ್ಕೆ ಒತ್ತಡವೇ ಬೇಡ, ರೇಜರಿನ ಭಾರವೇ ಸಾಕು. ಬ್ಲೇಡಿಗೂ ಚರ್ಮಕ್ಕೂ ಸುಮಾರು 30 ಡಿಗ್ರಿ ಕೋನ ಇರಬೇಕು. ಮೊದಲು ಮುಚ್ಚಳವನ್ನ ಕೆನ್ನೆಗೆ ತಾಗಿಸಿ, ಹಿಡಿಯನ್ನ ನಿಧಾನಕ್ಕೆ ಇಳಿಸುತ್ತಾ ಬ್ಲೇಡು ಕೂದಲಿಗೆ ಸಿಗೋ ಜಾಗ ಹುಡುಕಬೇಕು. ಕೂದಲು ಯಾವ ದಿಕ್ಕಿಗೆ ಬೆಳೆಯುತ್ತೆ ಅಂತ ಬೆರಳಿನಲ್ಲಿ ಸವರಿ ನೋಡಿಕೊಳ್ಳಬೇಕು. ನನ್ನ ಕತ್ತಿನಲ್ಲಿ ಅದು ಕೆಳಗಲ್ಲ, ಅಡ್ಡಕ್ಕೆ ಬೆಳೆಯುತ್ತೆ ಅಂತ ಈ ವಯಸ್ಸಿನಲ್ಲಿ ಗೊತ್ತಾಯ್ತು! ಅದೇ ದಿಕ್ಕಿನಲ್ಲಿ ಚಿಕ್ಕ ಚಿಕ್ಕದಾಗಿ ಎಳೆಯೋದು. ಎರಡನೇ ಸಲ ಬೇಕಂದ್ರೆ ಮತ್ತೆ ನೊರೆ ಹಚ್ಚಿ ಅಡ್ಡಕ್ಕೆ. ಎದುರು ದಿಕ್ಕಿಗೆ ಹೋಗಲೇಬಾರದು, ನನ್ನಂಥವರಂತೂ. ಮೊದಲು ಬಿಸಿನೀರು, ಬ್ರಷ್ಷಿನಲ್ಲಿ ಎರಡು ನಿಮಿಷ ಸೋಪಿನ ನೊರೆ. ಕೊನೆಗೆ ತಣ್ಣೀರು, ಪಟಿಕದ ಕಲ್ಲು. ನಾಲ್ಕೈದು ಶೇವಿಗೆ ಬ್ಲೇಡು ಬದಲು. ಒಂದೂವರೆ ತಿಂಗಳಲ್ಲಿ ಗುಳ್ಳೆ ಮುಕ್ಕಾಲು ಪಾಲು ಹೋಯ್ತು. ಮಂತ್ರ ಏನಿಲ್ಲ, ಒಂದೇ ಬ್ಲೇಡು ಕೂದಲನ್ನ ಚರ್ಮದ ಮಟ್ಟಕ್ಕೆ ಕತ್ತರಿಸಿ ಸುಮ್ಮನಾಗುತ್ತೆ. ಅಷ್ಟೇ.

ಈ ಡಿಸೆಂಬರಿನಲ್ಲಿ ಮತ್ತೆ ಊರಿಗೆ ಹೋದೆ. ರೇಜರ್ ಜೊತೆಗಿತ್ತು (ಬ್ಲೇಡು ಮಾತ್ರ ಕೈಚೀಲದಲ್ಲಿ ಇಡಬೇಡಿ, ಏರ್‌ಪೋರ್ಟಿನಲ್ಲಿ ಕಿತ್ತುಕೊಳ್ತಾರೆ). ಮಾರನೇ ದಿನ ಬೆಳಿಗ್ಗೆ ತಾತನ ಮುಂದೆ ಬಿಸಿನೀರಿನ ಚೊಂಬು, ಬ್ರಷ್ಷು, ರೇಜರ್ ಇಟ್ಟೆ.

"ತಾತ, ಕಲ್ತಿದ್ದೀನಿ. ಸರಿ ಇದ್ಯಾ ನೋಡಿ ಹೇಳ್ಬೇಕು ನೀವು."

ಶೇವ್ ಮಾಡ್ತೀನಿ ಅಂದಿದ್ರೆ ಬೇಡ ಅಂತಿದ್ರೋ ಏನೋ. ಪರೀಕ್ಷೆ ಮಾಡಿ ಅಂದಿದ್ದಕ್ಕೆ ಮೇಷ್ಟ್ರು ಒಪ್ಪಿಕೊಂಡ್ರು. ಜಗುಲಿಯ ಬಿಸಿಲಿನಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಬೇರೆಯವರ ಮುಖಕ್ಕೆ ಬ್ಲೇಡು ಹಿಡಿಯೋದು ನನಗೆ ಅದೇ ಮೊದಲು. ತಾತನ ಚರ್ಮ ಕಾಗದದಷ್ಟು ತೆಳ್ಳಗಾಗಿತ್ತು. ಒಂದು ಕೈಯಲ್ಲಿ ಕೆನ್ನೆ ಬಿಗಿಯಾಗಿ ಹಿಡಿದು, ಉಸಿರು ಬಿಗಿ ಹಿಡಿದು, ಅರ್ಧ ಗಂಟೆ ಮಾಡಿದೆ. ಒಂದು ಹನಿ ರಕ್ತ ಬರಲಿಲ್ಲ.

ತಾತ ಕನ್ನಡಿ ಇಸ್ಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡ್ರು. ಆಮೇಲೆ ಅಂದ್ರು: "ಎಡಗಡೆ ಕಿವಿ ಕೆಳಗೆ ಉಳಿಸಿದ್ದೀಯ. ನಾಳೆ ಸರಿಯಾಗಿ ಮಾಡು."

ರಜೆ ಇದ್ದ ಮೂರು ವಾರವೂ ದಿನಾ ಬೆಳಿಗ್ಗೆ ಮಾಡಿದೆ. ಹೊರಡೋ ಹಿಂದಿನ ದಿನ ಅಪ್ಪನಿಗೂ ಹೇಳಿಕೊಟ್ಟು, ರೇಜರನ್ನ ಅಲ್ಲೇ ಬಿಟ್ಟು ಬಂದೆ. ನನಗೆ ಇಲ್ಲಿ ಇನ್ನೊಂದು ಸಿಗುತ್ತೆ, ಹೇಗೂ ಬ್ಲೇಡು ಎಲ್ಲದಕ್ಕೂ ಒಂದೇ ತಾನೆ?

ನಿಮ್ಮ ಮನೆಯ ಬೀರುವಿನಲ್ಲೂ ಇಂಥದ್ದೊಂದು ಡಬ್ಬಿ ಇದೆಯಾ? ಒಮ್ಮೆ ತೆಗೆದು ನೋಡಿ. ಮತ್ತೆ ಸಿಗೋಣ.