ಬರೆದಿಟ್ಟವನ ಹೊಣೆ

ದೊಡ್ಡಬೆಳವಂಗಲದ ನಮ್ಮ ಭಜನೆ ಮನೆಯಲ್ಲಿ ತತ್ವಪದ ಹಾಡುತ್ತಿದ್ದ ಹಿರಿಯರೊಬ್ಬರು ತೀರಿಕೊಂಡ ಮೇಲೆ, ಉಳಿದವರು ನನ್ನ ಕೈಗೆ 200 ಪುಟದ ನೋಟ್‌ಬುಕ್ ಕೊಟ್ಟು ‘ನೀನು ಓದ್ದೋನು, ಬರ್ಕೊ’ ಎಂದರು. ಮೂರನೇ ಪದಕ್ಕೇ ತಕರಾರು ಬಂತು. ಒಂದೇ ಪದದ ನುಡಿಗಳನ್ನು ಇಬ್ಬರು ಬೇರೆ ಬೇರೆ ಅನುಕ್ರಮದಲ್ಲಿ ಹಾಡಿದರು. ಅರ್ಥಕ್ಕೆ ಸರಿ ಎನಿಸಿದ್ದನ್ನು ನಾನು ಬರೆದುಕೊಂಡೆ. ಇನ್ನೊಬ್ಬರು ತಾಳ ಕೆಳಗಿಟ್ಟು ಹೇಳಿದರು: ‘ಇನ್ಮೇಲೆ ನೀನು ಬರ್ದಿದ್ದೇ ಸರಿಯಾಯ್ತದೆ, ನಾವು ಹಾಡಿದ್ದು ತಪ್ಪಾಯ್ತದೆ ಕಣಪ್ಪ.’

ಆ ಮಾತು ಕಾಡುತ್ತಿದ್ದ ದಿನಗಳಲ್ಲೇ ನಾನು ಮಾರ್ಕನ ಸುವಾರ್ತೆಯ ಹಿನ್ನೆಲೆಯನ್ನು ಓದುತ್ತಿದ್ದೆ. ಹೊಸ ಒಡಂಬಡಿಕೆಯ ನಾಲ್ಕು ಸುವಾರ್ತೆಗಳಲ್ಲಿ ಇದು ಚಿಕ್ಕದು; ಹೆಚ್ಚಿನ ವಿದ್ವಾಂಸರ ಪ್ರಕಾರ ಮೊದಲು ಬರೆದದ್ದೂ ಇದೇ. ಯೇಸುವನ್ನು ಶಿಲುಬೆಗೇರಿಸಿದ್ದು ಕ್ರಿ.ಶ. 30ರ ಆಸುಪಾಸಿನಲ್ಲಿ. ಸುವಾರ್ತೆ ಬರಹಕ್ಕಿಳಿದದ್ದು 70ರ ಆಸುಪಾಸಿನಲ್ಲಿ. ನಡುವಿನ ಸುಮಾರು 40 ವರ್ಷ ಕತೆ ಬಹುಮಟ್ಟಿಗೆ ಬಾಯಿಂದ ಬಾಯಿಗೆ ಸಾಗಿತ್ತು. ಕ್ರಿ.ಶ. 70ರಲ್ಲಿ ರೋಮನ್ ಸೇನೆ ಯೆರೂಸಲೇಮಿನ ದೇವಾಲಯವನ್ನು ಕೆಡವಿತು. ಕಣ್ಣಾರೆ ಕಂಡವರು ಒಬ್ಬೊಬ್ಬರಾಗಿ ಇಲ್ಲವಾಗುತ್ತಿದ್ದರು. ಬರೆಯದಿದ್ದರೆ ಉಳಿಯದು ಎನಿಸುವ ಕಾಲ.

ಬರೆದವನು ಕೃತಿಯೊಳಗೆ ಎಲ್ಲೂ ತನ್ನ ಹೆಸರು ಹೇಳಿಕೊಂಡಿಲ್ಲ. 2ನೇ ಶತಮಾನದ ಪಾಪಿಯಸ್ ಎಂಬ ಬಿಷಪ್ ಪ್ರಕಾರ ಮಾರ್ಕನು ಪೇತ್ರನ ದುಭಾಷಿ. ನೆನಪಿದ್ದಷ್ಟನ್ನು ನಿಷ್ಠೆಯಿಂದ ಬರೆದ, ಆದರೆ ಅನುಕ್ರಮವಾಗಿ ಅಲ್ಲ. ಇದನ್ನು ಇಂದಿನ ವಿದ್ವಾಂಸರೆಲ್ಲರೂ ಒಪ್ಪುವುದಿಲ್ಲ. ಆದರೂ ಅನುಕ್ರಮದ ತಕರಾರು ಇಷ್ಟು ಹಳೆಯದೆಂದು ತಿಳಿದು ನನಗೆ ತುಸು ಸಮಾಧಾನವಾಯಿತು.

ಬಾಯಿಮಾತಿನ ಗುರುತು ಬರಹದಲ್ಲಿ ಉಳಿದಿದೆ. ಮಾರ್ಕನದು ಪೇಟೆ ಬೀದಿಯ ಗ್ರೀಕ್. ವಾಕ್ಯದ ಹಿಂದೆ ವಾಕ್ಯ ‘ಮತ್ತು’ ಎಂದು ಶುರುವಾಗುತ್ತದೆ. ‘ತಕ್ಷಣ’ ಎಂಬರ್ಥದ ಪದ ಸುಮಾರು 40 ಸಲ ಬರುತ್ತದೆ. ಕತೆ ಹೇಳುವ ಅಜ್ಜಿಯ ‘ಆಮೇಲೆ, ಆಮೇಲೆ’ ಇದ್ದಂತೆ. ನಡುನಡುವೆ ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯ ಪದಗಳು ಹಾಗೇ ನಿಂತಿವೆ. ಕಿವುಡನ ಕಿವಿ ತೆರೆಸುವಾಗಿನ ‘ಎಫ್ಫಥಾ’ ಅಂಥದ್ದು. ಪಕ್ಕದಲ್ಲೇ ‘ತೆರೆದುಕೋ’ ಎಂದು ಗ್ರೀಕಿನಲ್ಲಿ ಅರ್ಥ. ಊಟಕ್ಕೆ ಮುಂಚೆ ಕೈ ತೊಳೆಯುವ ಯಹೂದಿ ಪದ್ಧತಿಯನ್ನೂ ಬಿಡಿಸಿ ಹೇಳುತ್ತಾನೆ. ಎಂದರೆ ಕೇಳುಗರಲ್ಲಿ ಆ ಮಣ್ಣಿನವರಲ್ಲದವರೂ ಇದ್ದರು.

ಇನ್ನೂ ದೊಡ್ಡ ಸಂಗತಿ ಕೃತಿಯ ಕೊನೆಯದು. 4ನೇ ಶತಮಾನದ ಎರಡು ಹಳೆಯ ಪ್ರತಿಗಳಲ್ಲಿ, ಖಾಲಿ ಸಮಾಧಿ ಕಂಡ ಹೆಂಗಸರು ಹೆದರಿ ಓಡಿ, ಯಾರಿಗೂ ಏನೂ ಹೇಳದಿದ್ದಲ್ಲಿಗೆ ಕತೆ ನಿಲ್ಲುತ್ತದೆ. ಮುಂದಿನ 12 ವಚನಗಳನ್ನು ಆಮೇಲೆ ಯಾರೋ ಸೇರಿಸಿದರೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಕನ್ನಡದ ಮೊದಲ ಬೈಬಲ್ ಅನುವಾದದಲ್ಲಿ ಮುಖ್ಯರಾದ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಆ ಎರಡು ಪ್ರತಿಗಳಲ್ಲಿ ಒಂದಾದ ಸಿನಾಯ್ ಪ್ರತಿ ಯೂರೋಪಿನ ವಿದ್ವಾಂಸರ ಕೈಗೆ ಸಿಕ್ಕಿದ್ದು ಅವರ ಅನುವಾದ ಮುಗಿದ ಮೇಲೆ.

ಮತ್ತಾಯ, ಲೂಕ ಇಬ್ಬರೂ ಮಾರ್ಕನನ್ನು ಮುಂದಿಟ್ಟುಕೊಂಡೇ ಬರೆದರು. ಭಾಷೆ ತಿದ್ದಿದರು, ಪ್ರಸಂಗಗಳ ಜಾಗ ಬದಲಿಸಿದರು. 2ನೇ ಶತಮಾನದಲ್ಲಿ ತಾತಿಯನ್ ಎಂಬವನು ನಾಲ್ಕನ್ನೂ ಬೆಸೆದು ಒಂದೇ ಕತೆ ಮಾಡಿದ. ಸಿರಿಯಾದ ಸಭೆಗಳಲ್ಲಿ ಅದು ಬಹುಕಾಲ ಓದಿಗಿತ್ತು. ಆದರೂ ಕೊನೆಗೆ ನಿಂತದ್ದು ಒಂದಕ್ಕೊಂದು ಪೂರ್ತಿ ಹೊಂದದ ನಾಲ್ಕು ಸುವಾರ್ತೆಗಳೇ.

ಇದು ನಮಗೆ ಹೊಸದಲ್ಲ. 12ನೇ ಶತಮಾನದ ಶರಣರ ವಚನಗಳನ್ನು 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಸಂವಾದಗಳಾಗಿ ಜೋಡಿಸಿ ‘ಶೂನ್ಯಸಂಪಾದನೆ’ ಮಾಡಿದ. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಅದನ್ನೇ ಮತ್ತೆ ಸಂಪಾದಿಸಿದರು. ಸಿದ್ಧರಾಮನ ಇಷ್ಟಲಿಂಗ ದೀಕ್ಷೆಯ ಪ್ರಸಂಗ ಮೊದಲ ಸಂಪಾದನೆಯಲ್ಲಿಲ್ಲ, ನಂತರ ಸೇರಿತು. ಜೋಡಿಸುವವನು ಬರಿಯ ಲಿಪಿಕಾರನಲ್ಲ. ಯಾವುದು ಮೊದಲು, ಯಾವುದು ಕೊನೆ ಎಂದು ಅವನು ತೀರ್ಮಾನಿಸುತ್ತಾನೆ. ಅರ್ಥದ ಅರ್ಧ ಅಲ್ಲೇ ಇರುತ್ತದೆ. ಹಾಗೆಂದು ಅವನು ಸುಳ್ಳುಗಾರನೂ ಅಲ್ಲ. ಅವನಿಲ್ಲದಿದ್ದರೆ ನಮಗೆ ಏನೂ ಸಿಗುತ್ತಿರಲಿಲ್ಲ. ಅವನೊಬ್ಬನೇ ಉಳಿದರೆ ಮಾತ್ರ ಅಪಾಯ.

ಮೊನ್ನೆ ನೋಟ್‌ಬುಕ್ ಹಿಡಿದು ಆ ಹಿರಿಯರ ಮನೆಗೆ ಹೋದೆ. ‘ತಾತ, ಎದುರು ಪುಟ ಖಾಲಿ ಬಿಟ್ಟಿದ್ದೀನಿ. ನೀವು ಹಾಡಿದಂಗೇ ಹೇಳಿ’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕಣ್ಣು ಮುಚ್ಚಿ ಹಾಡಿದರು. ಈ ಸಲ ನುಡಿಗಳ ಅನುಕ್ರಮ ಮೂರನೆಯದೇ ಒಂದು ಬಗೆಯಾಗಿತ್ತು. ಅದನ್ನೂ ಬರೆದುಕೊಂಡೆ.