ಹತ್ತು ಸೆಕೆಂಡಿನ ಓಟ

ಚಂದ್ರನ ಮೇಲೆ ಮೊದಲು ಕಾಲಿಟ್ಟವರು ಯಾರೆಂದು ಕೇಳಿದರೆ ಶಾಲೆಯ ಮಕ್ಕಳೂ ನೀಲ್ ಆರ್ಮ್‌ಸ್ಟ್ರಾಂಗ್ ಹೆಸರು ಹೇಳುತ್ತಾರೆ. ಆದರೆ ಆ ಘಟನೆಯ ನೆನಪಿಗಾಗಿ ಪತ್ರಿಕೆ, ಪಠ್ಯಪುಸ್ತಕಗಳಲ್ಲಿ ಅರ್ಧ ಶತಮಾನದಿಂದ ಅಚ್ಚಾಗುತ್ತಾ ಬಂದಿರುವ ಚಿತ್ರದಲ್ಲಿ ಬಿಳಿಯ ಉಡುಪು ತೊಟ್ಟು ನಿಂತಿರುವವರು ಆರ್ಮ್‌ಸ್ಟ್ರಾಂಗ್ ಅಲ್ಲ; ಅವರ ಹಿಂದೆ ಇಳಿದ ಬಜ್ ಆಲ್ಡ್ರಿನ್. 1969ರ ಜುಲೈನಲ್ಲಿ ಇಬ್ಬರೂ ಚಂದ್ರನ ನೆಲದ ಮೇಲೆ ಓಡಾಡಿದಾಗ ಹೆಚ್ಚಿನ ಹೊತ್ತು ಕ್ಯಾಮೆರಾ ಇದ್ದದ್ದು ಆರ್ಮ್‌ಸ್ಟ್ರಾಂಗ್ ಬಳಿ. ಹೀಗಾಗಿ ಮೊದಲ ಚಂದ್ರಯಾತ್ರಿಯನ್ನು ಆ ಪ್ರಸಿದ್ಧ ಚಿತ್ರದಲ್ಲಿ ಹುಡುಕಬೇಕೆಂದರೆ ಆಲ್ಡ್ರಿನ್ನರ ಶಿರಸ್ತ್ರಾಣದ ಗಾಜನ್ನು ದಿಟ್ಟಿಸಿ ನೋಡಬೇಕು. ಅಲ್ಲಿ ಕಡಲೆಕಾಳಿನಷ್ಟು ಪ್ರತಿಬಿಂಬವಾಗಿ ಅವರು ಕಾಣುತ್ತಾರೆ.

ಮನೆಮನೆಯ ಆಲ್ಬಂಗಳ ಕಥೆಯೂ ಇದೇ. ಜಾತ್ರೆ, ನಾಮಕರಣ, ಪ್ರವಾಸಗಳ ಚಿತ್ರಗಳಲ್ಲಿ ಅಜ್ಜಿಯಿಂದ ಹಿಡಿದು ಕಂಕುಳ ಕೂಸಿನವರೆಗೆ ಎಲ್ಲರೂ ಇರುತ್ತಾರೆ, ಕ್ಯಾಮೆರಾ ಹಿಡಿದ ಚಿಕ್ಕಪ್ಪನೊಬ್ಬನ ಹೊರತು. ಇಂದು ಮೊಬೈಲ್ ಫೋನನ್ನು ಲೋಟಕ್ಕೋ ಪುಸ್ತಕಕ್ಕೋ ಒರಗಿಸಿ, ಪರದೆಯ ಮೇಲಿನ ಗಡಿಯಾರದ ಗುರುತನ್ನು ಒತ್ತಿ, ಮೂರು ಅಥವಾ ಹತ್ತು ಸೆಕೆಂಡಿನೊಳಗೆ ಓಡಿಬಂದು ನಿಲ್ಲುವುದು ಮಕ್ಕಳಾಟ. ಕೈ ಎತ್ತಿ ಅಂಗೈ ತೋರಿಸಿದರೆ ಸಾಕು, ತಾನಾಗಿಯೇ ಚಿತ್ರ ತೆಗೆಯುವ ಫೋನುಗಳೂ ಇವೆ. ಈ ಸಣ್ಣ ಸೌಕರ್ಯದ ಹಿಂದೆ ನೂರೆಂಬತ್ತು ವರ್ಷಗಳಿಗೂ ಮೀರಿದ ಒಂದು ಹೆಣಗಾಟವಿದೆ.

ವಿಚಿತ್ರವೆಂದರೆ, ಛಾಯಾಗ್ರಹಣ ಹುಟ್ಟಿದಾಗ ಈ ಸಮಸ್ಯೆಯೇ ಇರಲಿಲ್ಲ. 1839ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ರಾಬರ್ಟ್ ಕಾರ್ನೀಲಿಯಸ್ ಎಂಬ ಮೂವತ್ತರ ಯುವಕ ತನ್ನ ಚಿತ್ರವನ್ನು ತಾನೇ ತೆಗೆದುಕೊಂಡ. ಮನೆತನದ ಕಸುಬು ದೀಪ ತಯಾರಿಕೆ. ಲೋಹಕ್ಕೆ ಬೆಳ್ಳಿಯ ಲೇಪ ಕೊಡುವುದು, ಅದನ್ನು ಕನ್ನಡಿಯಂತೆ ಉಜ್ಜುವುದು ಅವನಿಗೆ ಕರಗತ. ಫ್ರಾನ್ಸಿನ ಡಾಗೇರ್ ಪ್ರಕಟಿಸಿದ ಛಾಯಾಚಿತ್ರದ ವಿಧಾನಕ್ಕೆ ಬೇಕಾದದ್ದೂ ಹೊಳಪು ಕೊಟ್ಟ ಬೆಳ್ಳಿಯ ತಗಡೇ. ಅಂಗಡಿಯ ಹಿಂದಿನ ಬಯಲಿನಲ್ಲಿ ಪೆಟ್ಟಿಗೆ ಇಟ್ಟು, ಮಸೂರದ ಮುಚ್ಚಳ ತೆಗೆದು, ಎದುರಿಗೆ ಹೋಗಿ ಕೈಕಟ್ಟಿ ನಿಂತ. ಅವನು ನಿಂತದ್ದು ಚೌಕಟ್ಟಿನ ನಡುವೆ ಅಲ್ಲ, ತುಸು ಪಕ್ಕಕ್ಕೆ, ತಲೆಗೂದಲು ಕೆದರಿದೆ. ಇಂದಿಗೂ ಉಳಿದಿರುವ, ಕ್ಯಾಮೆರಾದಿಂದ ತೆಗೆದ ಅತ್ಯಂತ ಹಳೆಯ ಸ್ವಚಿತ್ರಗಳಲ್ಲಿ ಅದೊಂದು.

ಅವನಿಗೆ ಯಾವ ಯಂತ್ರದ ನೆರವೂ ಬೇಕಾಗಲಿಲ್ಲ, ಏಕೆಂದರೆ ಆ ಕಾಲದ ತಗಡು ಬಲು ನಿಧಾನ. ಬೆಳಕು ಅದರ ಮೇಲೆ ಕೆಲಸ ಮಾಡಲು ನಿಮಿಷಗಟ್ಟಲೆ ಹಿಡಿಯುತ್ತಿತ್ತು. ಮುಚ್ಚಳ ತೆಗೆದವನು ನಡೆದುಹೋಗಿ ನಿಲ್ಲುವ ನಾಲ್ಕಾರು ಸೆಕೆಂಡು ಲೆಕ್ಕಕ್ಕೇ ಬರುತ್ತಿರಲಿಲ್ಲ. ಮರುವರ್ಷ ಪ್ಯಾರಿಸ್ಸಿನ ಇಪೊಲಿತ್ ಬಯಾರ್ ಇದೇ ನಿಧಾನವನ್ನು ಬಳಸಿಕೊಂಡು ತನ್ನ ಸಿಟ್ಟು ತೀರಿಸಿಕೊಂಡ. ತಾನೂ ಛಾಯಾಚಿತ್ರದ ಒಂದು ವಿಧಾನ ಕಂಡುಹಿಡಿದಿದ್ದರೂ ಸರ್ಕಾರದ ಮನ್ನಣೆಯೆಲ್ಲ ಡಾಗೇರನಿಗೇ ಸಂದಿತೆಂಬುದು ಅವನ ಸಂಕಟ. ಮುಳುಗಿ ಸತ್ತ ಹೆಣದಂತೆ ಕಣ್ಣು ಮುಚ್ಚಿ ಕುಳಿತು ತನ್ನ ಚಿತ್ರ ತೆಗೆದುಕೊಂಡ. ನಿರಾಶೆಯಿಂದ ಪ್ರಾಣ ಬಿಟ್ಟ ನತದೃಷ್ಟನ ಹೆಣವಿದು ಎಂಬರ್ಥದ ಒಕ್ಕಣೆಯನ್ನೂ ಚಿತ್ರದ ಹಿಂದೆ ತಾನೇ ಬರೆದ. ನಿಮಿಷಗಟ್ಟಲೆ ಅಲುಗಾಡದೆ ಇರಬೇಕಾದ ಆ ಕಾಲಕ್ಕೆ ಹೆಣದ ಪಾತ್ರಕ್ಕಿಂತ ಅನುಕೂಲದ ಪಾತ್ರ ಬೇರೊಂದಿರಲಿಲ್ಲ!

ತೊಂದರೆ ಶುರುವಾದದ್ದು ತಂತ್ರ ಸುಧಾರಿಸಿದ ಮೇಲೆ. 1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಜೆಲಟಿನ್ ಲೇಪದ ಒಣ ಗಾಜಿನ ಫಲಕದ ವಿಧಾನವನ್ನು ಪ್ರಕಟಿಸಿದರು. ಮುಂದಿನ ದಶಕದಲ್ಲಿ ಅಂಥ ಫಲಕಗಳು ಎಷ್ಟು ಚುರುಕಾದವೆಂದರೆ ಸೆಕೆಂಡಿನ ಸಣ್ಣ ಭಾಗದಲ್ಲೇ ಚಿತ್ರ ಮೂಡತೊಡಗಿತು. ಮುಚ್ಚಳದ ಜಾಗಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದು ಮುಚ್ಚುವ ಶಟರ್ ಬಂತು. ಓಡುವ ಕುದುರೆ, ಹಾರುವ ಹಕ್ಕಿ ಎಲ್ಲವೂ ಕ್ಯಾಮೆರಾಕ್ಕೆ ಸಿಕ್ಕವು. ಸಿಗದೆ ಹೋದವನು ಛಾಯಾಗ್ರಾಹಕ ಮಾತ್ರ. ಗುಂಡಿ ಒತ್ತಿದ ಕ್ಷಣದಲ್ಲೇ ಚಿತ್ರ ಮುಗಿದುಹೋಗುವುದರಿಂದ ಅವನು ಪೆಟ್ಟಿಗೆಯ ಹಿಂದೆಯೇ ಉಳಿಯಬೇಕಾಯಿತು. ವೇಗವೇ ಅವನನ್ನು ಚಿತ್ರದಿಂದ ಹೊರಗೆ ದಬ್ಬಿತು ಎನ್ನಬಹುದು. ಆಮೇಲೆ ಬಂದ ತಂತಿ, ದಾರ, ರಬ್ಬರ್ ಬುರುಡೆ, ಸ್ಪ್ರಿಂಗುಗಳೆಲ್ಲ ಅವನನ್ನು ಮತ್ತೆ ಒಳಗೆ ಕರೆತರುವ ಉಪಾಯಗಳು.

ಈ ಉಪಾಯಗಳ ಚರಿತ್ರೆಯಲ್ಲಿ ಭಾರತದ ಒಂದು ರಾಜದಂಪತಿಗೆ ಸ್ಥಾನವಿದೆ. 1862ರಿಂದ 1896ರವರೆಗೆ ತ್ರಿಪುರಾವನ್ನು ಆಳಿದ ಮಹಾರಾಜ ವೀರಚಂದ್ರ ಮಾಣಿಕ್ಯರಿಗೆ ಛಾಯಾಗ್ರಹಣದ ಹುಚ್ಚು. ರಾಣಿ ಮನಮೋಹಿನಿಗೂ ಅದನ್ನು ಕಲಿಸಿದರು. ಅಗರ್ತಲಾದ ಅರಮನೆಯಲ್ಲಿ ಚಿತ್ರಗಳ ಪ್ರದರ್ಶನಗಳೂ ನಡೆಯುತ್ತಿದ್ದವು. 1880ರ ಸುಮಾರಿನ ಒಂದು ಚಿತ್ರದಲ್ಲಿ ಅರಸ, ಅರಸಿ ಒಬ್ಬರಿಗೊಬ್ಬರು ಒತ್ತಿಕೊಂಡು ಕುಳಿತಿದ್ದಾರೆ. ಉದ್ದನೆಯ ತಂತಿಯೊಂದರ ಮೂಲಕ ಶಟರನ್ನು ನಡೆಸಿದವರು ಸ್ವತಃ ಮಹಾರಾಜರು. ಹೊರಗಿನ ಛಾಯಾಗ್ರಾಹಕನ ಮುಂದೆ ಅಂದಿನ ರಾಣಿಯೊಬ್ಬಳು ಗಂಡನ ಪಕ್ಕ ಅಷ್ಟು ಸಲಿಗೆಯಿಂದ ಕೂರುವುದು ಸುಲಭದ ಮಾತಲ್ಲ. ಕೋಣೆಯಲ್ಲಿ ಮೂರನೆಯವರು ಇಲ್ಲದಿದ್ದಾಗ ಮಾತ್ರ ಸಿಗುವ ಚಿತ್ರವದು. ಭಾರತದ ಮೊದಲ 'ಸೆಲ್ಫಿ' ಎಂದು ಇತ್ತೀಚಿನವರು ಅದನ್ನು ಕರೆಯುವುದುಂಟು.

ತಂತಿಯಷ್ಟೂ ಸಿರಿವಂತಿಕೆ ಇಲ್ಲದ ಕಡೆ ದಾರವೇ ಸಾಕಾಯಿತು. 1912ರ ಜನವರಿಯಲ್ಲಿ ಬ್ರಿಟನ್ನಿನ ಕ್ಯಾಪ್ಟನ್ ರಾಬರ್ಟ್ ಸ್ಕಾಟ್ ಮತ್ತು ನಾಲ್ವರು ಸಂಗಡಿಗರು ಜಾರುಬಂಡಿ ಎಳೆಯುತ್ತ ದಕ್ಷಿಣ ಧ್ರುವ ತಲುಪಿದರು. ನಾರ್ವೆಯ ಅಮುಂಡ್ಸನ್ ಐದು ವಾರ ಮೊದಲೇ ಅಲ್ಲಿಗೆ ಬಂದು ಹೋಗಿದ್ದರು. ಸೋತ ಮುಖಗಳ ಐವರು ತಮ್ಮ ಬಾವುಟದ ಮುಂದೆ ಚಿತ್ರ ತೆಗೆಸಿಕೊಳ್ಳಬೇಕಿತ್ತು. ತೆಗೆಯುವವರು ಯಾರು? ಸುತ್ತ ನೂರಾರು ಮೈಲಿ ನರಪಿಳ್ಳೆಯಿಲ್ಲ. ಯಾತ್ರೆಯ ಛಾಯಾಗ್ರಾಹಕ ಹರ್ಬರ್ಟ್ ಪಾಂಟಿಂಗ್ ಹಿಂದಿನ ಚಳಿಗಾಲದಲ್ಲಿ ಶಿಬಿರದಲ್ಲೇ ಇವರಿಗೆ ಕ್ಯಾಮೆರಾ ಪಾಠ ಹೇಳಿದ್ದು ಇಲ್ಲಿ ಕೈಹಿಡಿಯಿತು. ಕ್ಯಾಮೆರಾವನ್ನು ಎದುರಿಗೆ ನಿಲ್ಲಿಸಿ, ಶಟರಿಗೆ ದಾರ ಕಟ್ಟಿ, ಅದರ ತುದಿ ಹಿಡಿದು ಹೆನ್ರಿ ಬವರ್ಸ್ ಮುಂದಿನ ಸಾಲಿನಲ್ಲಿ ಕುಳಿತು ಎಳೆದರು. ಚಿತ್ರದಲ್ಲಿ ಐವರೂ ಇದ್ದಾರೆ. ಹಿಂದಿರುಗುವ ದಾರಿಯಲ್ಲಿ ಐವರೂ ಸತ್ತರು. ಅದೇ ವರ್ಷದ ನವೆಂಬರಿನಲ್ಲಿ ಶೋಧಕ ತಂಡಕ್ಕೆ ಕೊನೆಯ ಮೂವರ ಶವಗಳ ಜೊತೆ ಗುಡಾರದಲ್ಲಿ ಸ್ಕಾಟರ ದಿನಚರಿಯೂ ತೊಳೆಯದ ಫಿಲ್ಮೂ ಸಿಕ್ಕವು. ದಾರವೊಂದು ಇಲ್ಲದಿದ್ದರೆ ಆ ಐವರಲ್ಲಿ ಒಬ್ಬರು ತಮ್ಮ ಕೊನೆಯ ಚಿತ್ರದಿಂದಲೂ ಹೊರಗುಳಿಯುತ್ತಿದ್ದರು.

ತಂತಿ, ದಾರಗಳ ಕೊರತೆಯೆಂದರೆ ಒಂದು ಕೈ ಯಾವಾಗಲೂ ಅದಕ್ಕೇ ಮೀಸಲು. ರಬ್ಬರ್ ಬುರುಡೆ ಹಿಸುಕಿ ಗಾಳಿಯ ಒತ್ತಡದಿಂದ ಶಟರ್ ನಡೆಸುವ ಕೊಳವೆಗೂ ಇದೇ ದೋಷ. ಕೈಯನ್ನು ಪೂರ್ತಿ ಬಿಡಿಸಿದ್ದು ಗಡಿಯಾರದ ವಿದ್ಯೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕ್ಯಾಮೆರಾಕ್ಕೆ ಹೊರಗಿನಿಂದ ಸಿಕ್ಕಿಸುವ ಪುಟ್ಟ ಸ್ಪ್ರಿಂಗ್ ಯಂತ್ರಗಳು ಮಾರಾಟಕ್ಕೆ ಬಂದವು. ಬಳಿಕ ಅವು ಶಟರಿನ ಒಳಗೇ ಸೇರಿಕೊಂಡವು. ಸನ್ನೆಯನ್ನು ಕೆಳಗೆ ತಿರುಗಿಸಿದರೆ ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತದೆ. ಬಿಟ್ಟಾಗ ಅದು ಒಮ್ಮೆಲೇ ಬಿಚ್ಚಿಕೊಳ್ಳದಂತೆ ಹಲ್ಲಿನ ಚಕ್ರಗಳು ತಡೆತಡೆದು ಬಿಡುತ್ತವೆ. 'ಜರ್‍ರ್' ಎಂಬ ಸದ್ದು ಅದರದೇ. ಸುಮಾರು ಹತ್ತು ಸೆಕೆಂಡಿನ ಕೊನೆಗೆ ಸನ್ನೆ ಮೇಲೆ ಬಂದು ಶಟರನ್ನು ತಟ್ಟುತ್ತದೆ. ಹಳೆಯ ಜರ್ಮನ್ ಕ್ಯಾಮೆರಾ ಇದ್ದವರು ಮಸೂರದ ಪಕ್ಕದಲ್ಲಿ 'ವಿ' ಎಂಬ ಅಕ್ಷರ ಕಂಡಿರಬಹುದು. ಅದು ಈ ಸಾಧನದ ಗುರುತು. ಆ ಜರ್ಮನ್ ಪದದ ಅಕ್ಷರಶಃ ಅರ್ಥ 'ಮುಂಚಿನ ಓಟ' ಎಂದು. ಓಡುವುದು ಚಕ್ರಗಳು ಮಾತ್ರವೇ? ಪಂಚೆ ಎತ್ತಿ ಕಟ್ಟಿ ಕಲ್ಲು ದಾಟುತ್ತ ಓಡುವ ಯಜಮಾನರೂ ಹೌದು. ಎಣ್ಣೆ ಒಣಗಿದ ಹಳೆಯ ಕ್ಯಾಮೆರಾಗಳಲ್ಲಿ ಈ ಓಟ ನಡುದಾರಿಯಲ್ಲೇ ನಿಂತು ಶಟರ್ ಸಿಕ್ಕಿಕೊಳ್ಳುವುದುಂಟು. ಎಲ್ಲರೂ ಹಲ್ಲು ಕಿರಿದು ನಿಂತದ್ದೇ ಬಂತು!

ಭಾರತದಲ್ಲಿ ತಯಾರಾಗಿ ಸಾವಿರಾರು ಮನೆ ಸೇರಿದ ಆಗ್ಫಾ ಕ್ಲಿಕ್ 3ರಂಥ ಸರಳ ಕ್ಯಾಮೆರಾಗಳಲ್ಲಿ ಈ ಅನುಕೂಲ ಇರಲಿಲ್ಲ. ನಮ್ಮ ಆಲ್ಬಂಗಳಲ್ಲಿ ಚಿಕ್ಕಪ್ಪಂದಿರು ಕಾಣೆಯಾಗಿರುವುದಕ್ಕೆ ಅದೂ ಒಂದು ಕಾರಣವಿರಬೇಕು. ಇದ್ದ ಒಂದೇ ದಾರಿ ದಾರಿಹೋಕರ ಕೈಗೆ ಕ್ಯಾಮೆರಾ ಕೊಡುವುದು. ಅದರ ಅಪಾಯ ಚೆನ್ನಾಗಿ ಅರಿತವರು ಜಪಾನಿನ ಮಿನೋಲ್ಟಾ ಕಂಪನಿಯ ಎಂಜಿನಿಯರ್ ಹಿರೋಶಿ ಉಯೆಡಾ. ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದ ಬಳಿ, ಚಿತ್ರ ತೆಗೆದುಕೊಡೆಂದು ಹುಡುಗನೊಬ್ಬನಿಗೆ ಕ್ಯಾಮೆರಾ ಕೊಟ್ಟರೆ ಅವನು ಅದನ್ನು ಹಿಡಿದು ಓಡಿಯೇಬಿಟ್ಟನಂತೆ. ಉಯೆಡಾ ಉದ್ದಕ್ಕೆ ಎಳೆಯಬಹುದಾದ ಕೋಲು ರೂಪಿಸಿದರು. 1983ರಲ್ಲಿ ಅದು ಪುಟ್ಟ ಕ್ಯಾಮೆರಾವೊಂದರ ಜೊತೆ ಮಾರುಕಟ್ಟೆಗೆ ಬಂತು. ಮುಖ ನೋಡಿಕೊಳ್ಳಲು ಕ್ಯಾಮೆರಾದ ಎದುರಿಗೆ ಕನ್ನಡಿಯನ್ನೂ ಇಟ್ಟಿದ್ದರು. ಜನ ಕಣ್ಣೆತ್ತಿಯೂ ನೋಡಲಿಲ್ಲ. 2003ರಲ್ಲಿ ಪೇಟೆಂಟಿನ ಅವಧಿ ಮುಗಿಯಿತು. ಅದಾಗಿ ಹತ್ತು ವರ್ಷಕ್ಕೆ ಜಗತ್ತೆಲ್ಲ 'ಸೆಲ್ಫಿ ಸ್ಟಿಕ್' ಹಿಡಿದು ತಿರುಗಾಡತೊಡಗಿತು.

ಅಷ್ಟರಲ್ಲಿ ಕ್ಯಾಮೆರಾ ಫೋನಿನೊಳಗೆ ಸೇರಿತ್ತು. ಪರದೆಯ ಕಡೆಗೂ ಒಂದು ಮಸೂರ ಬಂದು ಮುಖ ನೋಡಿಕೊಂಡೇ ಚಿತ್ರ ತೆಗೆಯುವಂತಾಗಿತ್ತು. ಓಟದ ಅಗತ್ಯವೇ ತೀರಿತೆಂದು ಹಲವರು ಎಣಿಸಿರಬಹುದು. ಹಾಗಾಗಲಿಲ್ಲ. ಚಾಚಿದ ತೋಳಿನ ಅಳತೆಯಲ್ಲಿ ಮುಖವಷ್ಟೇ ಹಿಡಿಸುತ್ತದೆ, ಹತ್ತಿರದ ಮೂಗು ದಪ್ಪಗಾಗುತ್ತದೆ, ಹಿಂದಿನ ಗುಡ್ಡ, ಗೋಪುರ, ಬಂಧುಬಳಗ ಅಂಚಿಗೆ ಸರಿಯುತ್ತವೆ. 2014ರಲ್ಲಿ ಆ್ಯಪಲ್ ಕಂಪನಿಯೂ ತನ್ನ ಫೋನಿನ ಕ್ಯಾಮೆರಾಕ್ಕೆ ಮೂರು ಮತ್ತು ಹತ್ತು ಸೆಕೆಂಡಿನ ಟೈಮರ್ ಸೇರಿಸಿತು. ಮಾತಿಗೆ, ಅಂಗೈಗೆ, ನಗುವಿಗೆ ಓಗೊಡುವ ಏರ್ಪಾಡುಗಳನ್ನೂ ಬೇರೆ ಬೇರೆ ಕಂಪನಿಗಳು ತಂದವು. ಇಯರ್‌ಫೋನ್ ತಂತಿಯ ಗುಂಡಿ ಒತ್ತಿದರೂ ಹಲವು ಫೋನುಗಳಲ್ಲಿ ಚಿತ್ರ ಬೀಳುತ್ತದೆ. ಬವರ್ಸ್ ಹಿಡಿದಿದ್ದ ದಾರವೇ ಮತ್ತೆ ಬಂದಂತೆ!

ತೋಳಿಗೆ ಬದಲು ಟೈಮರ್ ಬಳಸುವುದರಲ್ಲಿ ಅಂದಕ್ಕಿಂತ ಮುಖ್ಯವಾದ ವಿಷಯವೂ ಇದೆ. 2011ರ ಅಕ್ಟೋಬರಿನಿಂದ 2017ರ ನವೆಂಬರ್‌ವರೆಗಿನ ಸುದ್ದಿಗಳನ್ನು ಜಾಲಾಡಿದ ಸಂಶೋಧಕರು ಜಗತ್ತಿನಲ್ಲಿ 259 ಮಂದಿ ಸೆಲ್ಫಿ ತೆಗೆಯುವಾಗ ಸತ್ತದ್ದನ್ನು ಲೆಕ್ಕ ಹಾಕಿದರು. ಅವರಲ್ಲಿ 159 ಮಂದಿ ಸತ್ತದ್ದು ಭಾರತದಲ್ಲಿ. ಮುಳುಗಿದವರು, ರೈಲಿಗೆ ಸಿಕ್ಕವರು, ಎತ್ತರದಿಂದ ಬಿದ್ದವರು. ಕಣ್ಣು ಪರದೆಯ ಮೇಲೆ, ಕಾಲು ಹಿಂದಕ್ಕೆ ಎಂಬ ಸ್ಥಿತಿ ತೋಳಿನ ಚಿತ್ರಕ್ಕೆ ಹುಟ್ಟಿನಿಂದಲೇ ಅಂಟಿಕೊಂಡದ್ದು. ಟೈಮರ್ ಬಳಸುವವನು ಫೋನನ್ನು ಮೊದಲು ಗಟ್ಟಿ ನೆಲದ ಮೇಲೆ ಇಡಬೇಕು, ತಾನು ನಿಲ್ಲುವ ಜಾಗವನ್ನು ನೋಡಿಕೊಳ್ಳಬೇಕು. ಬಂಡೆಯಂಚಿನಲ್ಲಿ ಹತ್ತು ಸೆಕೆಂಡಿನ ಓಟವೂ ಕೇಡೇ ಎಂಬುದು ಬೇರೆ ಮಾತು.

ಚಂದ್ರನ ಮೇಲೂ ಒಮ್ಮೆ ಈ ಓಟಕ್ಕೆ ಸಿದ್ಧತೆ ನಡೆದಿತ್ತು. ಆರ್ಮ್‌ಸ್ಟ್ರಾಂಗ್ ಹೋಗಿ ಬಂದ ನಾಲ್ಕು ತಿಂಗಳಿಗೆ, 1969ರ ನವೆಂಬರಿನಲ್ಲಿ, ಅಪೊಲೊ 12ರ ಪೀಟ್ ಕಾನ್ರಾಡ್ ಮತ್ತು ಆ್ಯಲನ್ ಬೀನ್ ಚಂದ್ರನ ಮೇಲಿಳಿದರು. ಮೇಲಧಿಕಾರಿಗಳಿಗೆ ತಿಳಿಯದಂತೆ ಅವರು ಪುಟ್ಟ ಸೆಲ್ಫ್‌ಟೈಮರ್ ಒಂದನ್ನು ಒಯ್ದಿದ್ದರು. ಎರಡೂವರೆ ವರ್ಷ ಹಿಂದೆ ಇಳಿದಿದ್ದ ಸರ್ವೇಯರ್ 3 ಎಂಬ ನೌಕೆಯ ಪಕ್ಕದಲ್ಲಿ ಇಬ್ಬರೂ ಒಟ್ಟಿಗೆ ನಿಂತು ಚಿತ್ರ ತೆಗೆದುಕೊಳ್ಳುವುದು ಅವರ ಹವಣಿಕೆ. ನೆಲದ ಮೇಲೆ ಇಬ್ಬರೇ ಇದ್ದಾಗ ಇಬ್ಬರ ಚಿತ್ರ ತೆಗೆದವರು ಯಾರೆಂದು ಭೂಮಿಯವರು ತಲೆ ಕೆರೆದುಕೊಳ್ಳಲಿ ಎಂಬ ತುಂಟತನ.

ಸಮಯ ಬಂದಾಗ ಟೈಮರ್ ಕೈಗೆ ಸಿಗಲಿಲ್ಲ. ಅದನ್ನು ಹಾಕಿದ್ದ ಚೀಲದ ತುಂಬ ಅಷ್ಟರಲ್ಲಿ ಚಂದ್ರನ ಕಲ್ಲುಗಳು. ದಪ್ಪ ಕೈಚೀಲ ತೊಟ್ಟ ಬೆರಳುಗಳಿಗೆ ತಡಕಾಡಲು ಬಿಡುವಿಲ್ಲ. ನಿಮಿಷ ನಿಮಿಷಕ್ಕೂ ಲೆಕ್ಕವಿದ್ದ ಕೆಲಸವದು. ನೌಕೆಯ ಬಳಿಗೆ ಮರಳಿ ಕಲ್ಲುಗಳನ್ನು ಸುರಿದಾಗ ಅದು ಹೊರಬಿತ್ತು. ಕಾಲ ಮೀರಿತ್ತು. ಬೀನ್ ಅದನ್ನು ದೂರಕ್ಕೆ ಎಸೆದುಬಿಟ್ಟರು. 1981ರಲ್ಲಿ ಅವರು ನಾಸಾ ಬಿಟ್ಟು ಪೂರ್ಣಾವಧಿ ಚಿತ್ರಕಾರರಾದರು. ತೆಗೆಯಲಾಗದೆ ಹೋದ ಆ ಛಾಯಾಚಿತ್ರವನ್ನು ಕುಂಚದಿಂದ ಬರೆದರು. ಅದರಲ್ಲಿ ಇಬ್ಬರೂ ಇದ್ದಾರೆ.