ಬೆನ್ನು ತಿಕ್ಕಿದ ಕಾಲ

ಸ್ಪಿರಿಟ್ ಮತ್ತು ಪೌಡರ್. ನನ್ನ ತಲೆಮಾರಿನ ಯಾವ ನರ್ಸನ್ನು ಕೇಳಿದರೂ ಬ್ಯಾಕ್ ಕೇರ್ ಅಂದರೆ ನೆನಪಾಗುವುದು ಇವೆರಡೇ. ರೋಗಿಯನ್ನು ಮಗ್ಗುಲಿಗೆ ಹೊರಳಿಸಿ, ಸೋಪಿನ ನೀರಿನಲ್ಲಿ ಬೆನ್ನು ಒರೆಸಿ, ಅಂಗೈಗೆ ಸ್ಪಿರಿಟ್ ಸುರಿದುಕೊಂಡು ಹೆಗಲಿನ ಮೂಳೆ, ಬಾಲದ ಮೂಳೆ, ಹಿಮ್ಮಡಿ ಹೀಗೆ ಮೂಳೆ ಎದ್ದ ಕಡೆಯೆಲ್ಲ ಗುಂಡಗೆ ತಿಕ್ಕಬೇಕು. ಕೊನೆಗೆ ಪೌಡರ್. ತಿಕ್ಕಿದರೆ ರಕ್ತ ಓಡಾಡುತ್ತದೆ, ಸ್ಪಿರಿಟ್ಟಿಗೆ ಚರ್ಮ ಗಟ್ಟಿಯಾಗುತ್ತದೆ, ಹಾಸಿಗೆ ಹುಣ್ಣು ಬರುವುದಿಲ್ಲ ಎಂದು ಪಾಠ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಇದಕ್ಕೇ ಅಂಕ. ಯಾರು ಪರೀಕ್ಷಿಸಿ ನೋಡಿದ್ದರು ಎಂದು ನಾವೂ ಕೇಳಲಿಲ್ಲ, ಕಲಿಸಿದವರೂ ಹೇಳಲಿಲ್ಲ.

ಈ ಪದ್ಧತಿ ನಮಗೆ ಬಂದದ್ದು ಬ್ರಿಟಿಷ್ ವಾರ್ಡುಗಳಿಂದ. ಅಲ್ಲಿ ಒಂದು ವಾರ್ಡಿನಲ್ಲಿ ಸೋಪು, ಪಕ್ಕದ್ದರಲ್ಲಿ ಸ್ಪಿರಿಟ್. ಸಿಸ್ಟರ್ ಹೇಳಿದ್ದೇ ಶಾಸ್ತ್ರ. ಹುಣ್ಣಾದ ಮೇಲೆ ಮೊಟ್ಟೆಯ ಬಿಳಿ ಹಚ್ಚಿ ಅದರ ಮೇಲೆ ಆಮ್ಲಜನಕ ಹಾಯಿಸುವುದೂ ಇತ್ತು. ಹಾಸಿಗೆ ಹುಣ್ಣಿಗೆ ಸಾಮಾನ್ಯವಾಗಿ ಕಾರಣ ಕಾಯಿಲೆಯಲ್ಲ, ಶುಶ್ರೂಷೆಯ ದೋಷ ಎಂದು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದಿದ್ದರು. ಅಂಕಿಅಂಶದಲ್ಲಿ ಪಳಗಿದ ಆಕೆಯ ಮಾತಿನಿಂದ ಎಣಿಕೆ ಶುರುವಾಗಬೇಕಿತ್ತು. ಬದಲಿಗೆ ಹುಣ್ಣು ನರ್ಸಿನ ಮಾನದ ಪ್ರಶ್ನೆಯಾಯಿತು. ಮಾನ ಹೋಗುವ ವಿಷಯವನ್ನು ಯಾರು ನೆಟ್ಟಗೆ ಎಣಿಸಿ ಬರೆದಿಡುತ್ತಾರೆ?

ವೈದ್ಯರ ಕಡೆಯೂ ಕಥೆ ನೇರವಾಗಿರಲಿಲ್ಲ. ಬೆನ್ನುಹುರಿ ಕತ್ತರಿಸಿದ ಗಿನಿ ಇಲಿಗಳಿಗೂ ಒತ್ತಡ ತಪ್ಪಿಸಿ, ಮೈ ಒಣಗಿಸಿಟ್ಟರೆ ಹುಣ್ಣಾಗುವುದಿಲ್ಲ ಎಂದು ಬ್ರೌನ್-ಸೆಕಾರ್ 1850ರ ದಶಕದಲ್ಲೇ ತೋರಿಸಿದ್ದರು. ಆದರೆ ಪ್ಯಾರಿಸ್ಸಿನ ದೊಡ್ಡ ವೈದ್ಯ ಶಾರ್ಕೋ ಅದೆಲ್ಲ ನರಗಳ ಹಾನಿಯ ಫಲ ಎಂದುಬಿಟ್ಟರು. ಹಾಗಿದ್ದರೆ ನರ್ಸು ಮಾಡುವುದೇನಿದೆ? 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ವೈದ್ಯ ಲುಡ್‌ವಿಗ್ ಗುಟ್‌ಮನ್ ಬೆನ್ನುಹುರಿ ಮುರಿದವರನ್ನು ಹಗಲೂ ರಾತ್ರಿಯೂ ಎರಡೆರಡು ಗಂಟೆಗೊಮ್ಮೆ ಹೊರಳಿಸತೊಡಗಿದ ಮೇಲೆ ಶಾರ್ಕೋ ಮಾತು ಸಡಿಲವಾಯಿತು.

ಮುದುಕರ ವಾರ್ಡಿಗೆ ಪೆನ್ಸಿಲ್ ಹಿಡಿದು ಹೋದವರು ಡೋರೀನ್ ನಾರ್ಟನ್ ಎಂಬ ನರ್ಸ್. ವೈದ್ಯ ಎಕ್ಸ್‌ಟನ್-ಸ್ಮಿತ್, ಮೆಕ್‌ಲಾರೆನ್ ಇವರೊಂದಿಗೆ ಮಾಡಿದ ಆ ಅಧ್ಯಯನ ಲಂಡನ್ನಿನಲ್ಲಿ 1962ರಲ್ಲಿ ಅಚ್ಚಾಯಿತು. ನಾರ್ಟನ್ ನೋಡಿದ್ದು ಐದೇ ಸಂಗತಿ: ದೇಹಸ್ಥಿತಿ, ಮನಸ್ಸಿನ ಸ್ಥಿತಿ, ಓಡಾಟ, ಹಾಸಿಗೆಯಲ್ಲಿ ಹೊರಳಾಟ, ಮಲಮೂತ್ರದ ಮೇಲೆ ಹಿಡಿತ. ಒಂದೊಂದಕ್ಕೆ 1ರಿಂದ 4 ಅಂಕ, ಒಟ್ಟು 20. 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಚ್ಚರ. 250 ಮಂದಿಯಲ್ಲಿ ಸುಮಾರು ಕಾಲು ಭಾಗಕ್ಕೆ ಹುಣ್ಣಾಯಿತು. 12ಕ್ಕಿಂತ ಕಡಿಮೆ ಅಂಕದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ. ಚರ್ಮಕ್ಕೆ ಏನು ಹಚ್ಚಿದರೂ ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ. ಮಗ್ಗುಲು ಬದಲಿಸಿದ್ದು ಕೆಲಸಕ್ಕೆ ಬಂತು. ಯಂತ್ರವಿಲ್ಲ, ಪ್ರಯೋಗಾಲಯವಿಲ್ಲ, ಬರಿ ಕಣ್ಣಿನಲ್ಲಿ ನೋಡಿ, ಅದೇ ಹಾಸಿಗೆಗೆ ಮತ್ತೆ ಮತ್ತೆ ಹೋಗಿ ಬರೆದಿಟ್ಟದ್ದು.

ಮೂಳೆ ಎದ್ದ ಕಡೆ ತಿಕ್ಕುವುದೇ ಬೇಡ ಎಂದು ಅಮೆರಿಕದ ಸರ್ಕಾರಿ ಮಾರ್ಗಸೂಚಿ 1992ರಲ್ಲಿ ಹೇಳಿತು. ಕೆಳಗಿನ ನವುರಾದ ಮಾಂಸಕ್ಕೆ ಪೆಟ್ಟಾಗುತ್ತದೆ. ರೋಗಿಯ ಕೆಳಗಿಡುವ ಗುಂಡಗಿನ ಏರ್ ರಿಂಗೂ ಬೇಡ ಎಂದಿತು. ನಮ್ಮಲ್ಲಿ ಸ್ಪಿರಿಟ್ ಬಾಟಲಿ ಅದಾದ ಮೇಲೂ ಬಹಳ ಕಾಲ ಟ್ರಾಲಿಯ ಮೇಲಿತ್ತು. ನರ್ಸುಗಳು ಓದುವುದಿಲ್ಲ ಎಂದು ಬೈದವರುಂಟು. ನಾನು ಒಪ್ಪುವುದಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬಳೇ ಇರುವ ಹುಡುಗಿ ಬೆನ್ನು ತಿಕ್ಕಬಲ್ಲಳು. ಲಕ್ವ ಹೊಡೆದ ದಪ್ಪ ಆಳನ್ನು ಹೊರಳಿಸಲು ಇಬ್ಬರು ಬೇಕು. ತಿಕ್ಕಿದರೆ ಮನೆಯವರಿಗೂ ಸಮಾಧಾನ, ‘ಸಿಸ್ಟರ್ ಎಷ್ಟು ಚೆನ್ನಾಗಿ ನೋಡ್ಕೋತಾರೆ’ ಅನ್ನುತ್ತಾರೆ. ನಡುರಾತ್ರಿ ಎಬ್ಬಿಸಿ ಹೊರಳಿಸಿದರೆ ‘ಈಗ ತಾನೇ ನಿದ್ದೆ ಹತ್ತಿತ್ತು, ಬಿಡಿ ಸಿಸ್ಟರ್’ ಅನ್ನುತ್ತಾರೆ.

ಈಗ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಕೇಸ್ ಶೀಟಿನಲ್ಲಿ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಮ್ ಮಾಡಿದ ಆರು ಅಂಶಗಳ ಅಂಕಪಟ್ಟಿ ಇರುತ್ತದೆ. ‘ಮ್ಯಾಡಮ್, 13 ಬಂತು’ ಎಂದು ನಾನು ಕಲಿಸುತ್ತಿದ್ದಾಗ ವಿದ್ಯಾರ್ಥಿನಿ ಬಂದು ಹೇಳುತ್ತಿದ್ದಳು. ‘ಬರೆದೆ ಸರಿ, ಹೊರಳಿಸಿದೆಯೇನಮ್ಮ?’ ಅಂದರೆ ಅತ್ತಿತ್ತ ನೋಡುವಳು.

ಎಂ.ಎಸ್ಸಿ. ಹುಡುಗಿಯರ ಪ್ರಬಂಧಗಳದ್ದೂ ಇದೇ ಹಾಡು. ಹಾಸಿಗೆ ಹುಣ್ಣಿನ ಬಗ್ಗೆ ನರ್ಸುಗಳಿಗೆ ಪ್ರಶ್ನಾವಳಿ ಕೊಡು, ಒಂದು ಪಾಠ ಮಾಡು, ಅದೇ ಪ್ರಶ್ನಾವಳಿ ಮತ್ತೆ ಕೊಡು. ತಿಳುವಳಿಕೆ ಹೆಚ್ಚಿದೆ ಎಂಬ ಫಲಿತಾಂಶ ಖಾತ್ರಿ. ಪ್ರಶ್ನಾವಳಿ ಬಿಟ್ಟು ಟಾರ್ಚ್ ಹಿಡಿದು ಬೆನ್ನು ನೋಡ್ರಮ್ಮ, ಎಷ್ಟು ಹುಣ್ಣು ಆದವು ಎಷ್ಟು ತಪ್ಪಿದವು ಲೆಕ್ಕ ಹಾಕಿ ಅನ್ನುತ್ತಿದ್ದೆ. ಒಪ್ಪಿದವರು ಕಡಿಮೆ. ಹಾಗೆ ಎಣಿಸಲು ತಿಂಗಳುಗಟ್ಟಲೆ ವಾರ್ಡಿನಲ್ಲಿ ನಿಲ್ಲಬೇಕು, ಪ್ರಬಂಧ ಒಪ್ಪಿಸುವ ತಾರೀಕು ಕಾಯುವುದಿಲ್ಲ. ಜೊತೆಗೆ, ಹುಣ್ಣು ಎಣಿಸುತ್ತೇವೆ ಅಂದರೆ ಅನುಮತಿ ಕೊಡುವ ಆಸ್ಪತ್ರೆಯೂ ಸಿಗಬೇಕಲ್ಲ.